ಹೂ ನೋಡಲೆಂದು ಗಾಡಿ ನಿಲ್ಲಿಸುವವರಿಗೆ, ಅಕ್ಕಲಕೋಟೆ ಸೀಮೆಯಿಂದ

ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ, ಪುಣೆ ಕಡೆಯಿಂದ ರಜೆ ಸಿಕ್ಕ ಕೂಡಲೇ ಕಾರು ಹತ್ತುವ ಕನ್ನಡದ ಮಂದಿಗೆ ನಮಸ್ಕಾರ.

ನಾನು ಸೊಲ್ಲಾಪುರ ಜಿಲ್ಲೆ, ಅಕ್ಕಲಕೋಟೆ ತಾಲ್ಲೂಕಿನ ಒಂದು ಸಣ್ಣ ಊರಿನವಳು. ಮೂವತ್ತೊಂದು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾಗಿದ್ದೇನೆ. ಊರಿನವರು ಇನ್ನೂ ಅಕ್ಕೋರು ಅನ್ನುವುದನ್ನು ಬಿಟ್ಟಿಲ್ಲ, ನಾನೂ ಹೊಲಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಆರು ಎಕರೆ ಎರಿ ಭೂಮಿ, ಅಂದರೆ ಕಪ್ಪು ಮಣ್ಣಿನ ಹೊಲ ಇದೆ. ಅದರ ಸಾತ್‌ಬಾರಾ ಉತಾರೆ, ಅಂದರೆ ನಿಮ್ಮ ಕಡೆಯ ಪಹಣಿ, ಮರಾಠಿಯಲ್ಲಿದೆ, ಹೊಲದಲ್ಲಿ ಆಡುವ ಮಾತೆಲ್ಲ ಕನ್ನಡ. ಎತ್ತುಗಳಿಗಂತೂ ಕನ್ನಡದಲ್ಲೇ ಬೈಗುಳ.

ಈ ಪತ್ರ ಬರೆಯಲು ಕಾರಣ ಒಂದು ಫೋಟೊ.

ಹೋದ ವರ್ಷ ಜನವರಿ ಕೊನೆಯ ಒಂದು ರವಿವಾರ ನಾನು ಕಡಲೆ ಹೊಲದ ಬದುವಿನ ಮೇಲೆ ಕೂತು ಮೊಮ್ಮಕ್ಕಳಿಗೆಂದು ಸುಲಗಾಯಿ ಬಿಡಿಸುತ್ತಿದ್ದೆ. ಡಾಂಬರಿನ ಮೇಲೆ ಬಿಳಿ ಕಾರು ಬಂದು ನಿಂತಿತು. ಪಕ್ಕಕ್ಕೆ ಸರಿಯಲಿಲ್ಲ, ಇದ್ದಲ್ಲೇ ನಿಂತಿತು. ಗಂಡ, ಹೆಂಡತಿ, ಎಂಟೊಂಬತ್ತು ವರ್ಷದ ಮಗಳು ಇಳಿದರು. ಆ ತಾಯಿ ಉದ್ದನೆಯ ಹಳದಿ ಉಡುಪು ಹಾಕಿದ್ದರು. ಜೋಳದ ಹೊಲಕ್ಕೆ ಅಂಚು ಕಟ್ಟಿದ ಹಾಗೆ ನಾಲ್ಕು ಸಾಲು ಹೂ ಬಿರಿದು ನಿಂತದ್ದು ಕಂಡದ್ದೇ, ಕಾಯಿ ಕಟ್ಟಿದ ಕಡಲೆಯನ್ನು ತುಳಿದುಕೊಂಡು ನೇರ ಅದರೊಳಗೆ ನುಗ್ಗಿದರು. ಎರಡು ಹೆಜ್ಜೆಗೆ ಚೀರಿಕೊಂಡರು. ಅದು ಕುಸುಬಿ, ಎಣ್ಣೆಕಾಳಿನ ಗಿಡ. ಎಲೆಯ ತುದಿಗೆ ಮುಳ್ಳು, ತೆನೆಯ ಸುತ್ತ ಮುಳ್ಳು. ಉಡುಪು ಹತ್ತು ಕಡೆ ಸಿಕ್ಕಿಕೊಂಡಿತ್ತು. ನಾನೇ ಹೋಗಿ ಒಂದೊಂದಾಗಿ ಬಿಡಿಸಿ ಹೊರಗೆ ಕರೆತಂದೆ.

"ಅಜ್ಜಿ, ಇದು ಕೇಸರಿನಾ?" ಅಂತು ಕೂಸು.

"ಅಲ್ಲವ್ವ. ಕೇಸರಿ ಅಂತ ಸುಳ್ಳು ಹೇಳಿ ಮಾರ್ತಾರ ಇದನ್ನ. ಇದು ಕುಸುಬಿ."

ಅವರಪ್ಪ ಇದು ಸೂರ್ಯಕಾಂತಿಯ ಸಣ್ಣ ಜಾತಿ ಅಂದುಕೊಂಡಿದ್ದರಂತೆ. ನಾನು ಹುಡುಗಿಗೆ ಒಂದು ತೆನೆ ಬಾಗಿಸಿ ತೋರಿಸಿದೆ. ಮುಳ್ಳೆಲೆಯ ಬಟ್ಟಲು, ಅದರೊಳಗೆ ನೂಲಿನೆಳೆಯಂಥ ಹೂಗಳು ಒತ್ತೊತ್ತಾಗಿ. ಆಗಷ್ಟೇ ಬಿರಿದದ್ದು ಹಳದಿ. ಅದೇ ದಿನ ಕಳೆದಂತೆ ಕಿತ್ತಳೆಗೆ ತಿರುಗುತ್ತದೆ, ಬಾಡುತ್ತ ಬಾಡುತ್ತ ಕೆಂಪಾಗುತ್ತದೆ. ಹಾಗಾಗಿ ಒಂದೇ ಗಿಡದಲ್ಲಿ ಮೂರು ಬಣ್ಣ. ಬೇರೆ ಹೂಗಳು ಮುಪ್ಪಿಗೆ ಮಾಸುತ್ತವೆ, ಇದಕ್ಕೆ ಮುಪ್ಪಿನಲ್ಲೇ ರಂಗು. ಒಂದು ಜೇನ್ನೊಣ ಎಳೆಗಳ ನಡುವೆ ತಲೆ ಹುದುಗಿಸಿ ಹಿಂಗಾಲಿಗೆ ಹಳದಿ ಹಿಟ್ಟು ಮೆತ್ತಿಕೊಂಡು ಎದ್ದಿತು. ಹುಡುಗಿ ಬಾಯಿ ತೆರೆದು ನೋಡುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಎರಡು ಟ್ರೇಲರ್ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಬಂದು ಹಾರನ್ ಹೊಡೆಯತೊಡಗಿತು. ಆ ಗೃಹಸ್ಥರು ಗಡಿಬಿಡಿಯಲ್ಲಿ ಇನ್ನೂರರ ನೋಟು ತೆಗೆದು ನನ್ನ ಕೈಗೆ ತುರುಕಲು ಬಂದರು. ಬೇಡವೆಂದೆ. ರೊಕ್ಕ ಕೊಡುವುದಿದ್ದರೆ ಊರೊಳಗೆ ಗಾಣದ ಎಣ್ಣೆ ಸಿಗುತ್ತದೆ, ಒಂದು ಬಾಟಲಿ ಒಯ್ಯಿರಿ ಅಂದೆ. "ನಾವು ಆ ಎಣ್ಣೆ ಬಳಸಲ್ಲ ಆಂಟಿ" ಅಂದರು. ಕಾರು ಹೋಯಿತು.

ನಾಲ್ಕು ದಿನದ ಮೇಲೆ ನಮ್ಮ ಮೈದುನನ ಮಗ ಮೊಬೈಲಿನಲ್ಲಿ ಅದೇ ಹಳದಿ ಉಡುಪಿನ ಫೋಟೊ ತೋರಿಸಿದ. ಅದರ ಕೆಳಗೆ ಹೀಗೆ ಬರೆದಿತ್ತು: ಯಾವುದೋ ಊರು, ಯಾವುದೋ ಹೂ.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾದೀತು. ಆದರೆ ಆಮೇಲೆ ಅನ್ನಿಸಿತು, ಅವರಿಗೆ ಹೇಳಿದವರಾದರೂ ಯಾರು? ಪ್ರವಾಸದ ಪುಸ್ತಕಗಳಲ್ಲಿ ಸೊಲ್ಲಾಪುರ ಅಂದರೆ ಚಾದರ, ಅಕ್ಕಲಕೋಟೆ ಅಂದರೆ ಸ್ವಾಮಿ ಸಮರ್ಥರ ಮಠ. ಹೂವಿಗೆ ಅಂತ ಮಹಾರಾಷ್ಟ್ರಕ್ಕೆ ಬರುವವರೆಲ್ಲ ಸಾತಾರದ ಕಾಸ್ ಪಠಾರಕ್ಕೆ ಹೋಗುತ್ತಾರೆ. ಪಶ್ಚಿಮ ಘಟ್ಟದ ಜೊತೆಗೆ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಮಳೆಗಾಲದ ಕೊನೆಗೆ ಅಲ್ಲಿ ಟಿಕೆಟ್ಟು, ದಿನಕ್ಕೆ ಇಷ್ಟೇ ಜನ ಅನ್ನುವ ಮಿತಿ, ಆದರೂ ನೂಕುನುಗ್ಗಲು. ನಮ್ಮಲ್ಲಿ ಟಿಕೆಟ್ಟೂ ಇಲ್ಲ, ಬೋರ್ಡೂ ಇಲ್ಲ, ಬರುವವರೂ ಇಲ್ಲ. ಆದ್ದರಿಂದ ಹೇಳುವ ಕೆಲಸ ನಾನೇ ಮಾಡುತ್ತೇನೆ.

ಮೊದಲು ಒಂದು ಎಚ್ಚರಿಕೆ. ಕಣ್ಣು ಹಾಯುವಷ್ಟು ದೂರ ಹೂವಿನ ಸಮುದ್ರ ಅಂದುಕೊಂಡು ಬಂದರೆ ನಿರಾಶೆಯಾಗುತ್ತದೆ. ನಮ್ಮ ಹೂವಿನ ಹೊಲಗಳು ಇಳಕಲ್ ಸೀರೆಯ ದಡಿಯ ಹಾಗೆ. ಒಡಲು ಹಿಂಗಾರಿ ಜೋಳ, ಇಲ್ಲವೆ ಕಡಲೆ, ಗೋದಿ. ದಡಿ ಮಾತ್ರ ಕುಸುಬಿ. ಜೋಳದ ನಾಲ್ಕೂ ಕಡೆ ಮೂರೋ ನಾಲ್ಕೋ ಸಾಲು ಕುಸುಬಿ ಹಾಕುವುದು ಹಿಂದಿನಿಂದ ಬಂದ ಪದ್ಧತಿ. ನಡುನಡುವೆ ಹಾಕಿದರೆ ಅಕ್ಕಡಿ ಸಾಲು. ಮುಳ್ಳಿಗೆ ಹೆದರಿ ದನ ಬಾಯಿ ಹಾಕುವುದಿಲ್ಲ, ಜಿಂಕೆ ಒಳಗೆ ಬರಲು ಹಿಂದೆಮುಂದೆ ನೋಡುತ್ತದೆ. ತಂತಿಬೇಲಿಗೆ ರೊಕ್ಕವಿಲ್ಲದ ಕಾಲದಲ್ಲಿ ನಮ್ಮ ಹಿರಿಯರು ಎಣ್ಣೆ ಕೊಡುವ ಬೇಲಿ ಹಚ್ಚಿದ್ದರು. ಅಲ್ಲೊಬ್ಬರು ಇಲ್ಲೊಬ್ಬರು ಒಂದೆರಡು ಎಕರೆ ಪೂರ್ತಿ ಕುಸುಬಿ ಬಿತ್ತುವವರೂ ಇದ್ದಾರೆ. ಅಂಥ ಹೊಲ ಸಿಕ್ಕರೆ ಅದು ನಿಮ್ಮ ಅದೃಷ್ಟ.

ಎರಡನೆಯದು, ನಿಮ್ಮ ವಸಂತಕ್ಕೂ ನಮ್ಮ ವಸಂತಕ್ಕೂ ತಾಳೆಯಿಲ್ಲ. ಪಂಚಾಂಗದಲ್ಲಿ ಚೈತ್ರಕ್ಕೆ ವಸಂತ. ಆ ಹೊತ್ತಿಗೆ ಇಲ್ಲಿ ಬಂದರೆ ಬೋಳು ಕಪ್ಪು ಮಣ್ಣು, ಕೈ ತೂರುವಷ್ಟು ಅಗಲದ ಬಿರುಕು, ಬದುವಿನ ಮೇಲೆ ಬೇವಿನ ಹೂ, ಗುಡ್ಡದ ಕಡೆ ಎಲ್ಲಾದರೂ ಒಂದು ಮುತ್ತುಗ. ನಮ್ಮ ಹೊಲದ ವಸಂತ ಸಂಕ್ರಾಂತಿಯ ಆಸುಪಾಸಿಗೆ ಶುರುವಾಗಿ ಶಿವರಾತ್ರಿಗೆ ಮುಗಿಯುತ್ತದೆ. ಉತ್ತರಿ, ಹಸ್ತಾ ಮಳೆ ನೋಡಿಕೊಂಡು ಬಿತ್ತುತ್ತೇವೆ. ಆಮೇಲೆ ಮಳೆಯಿಲ್ಲ, ಬರೀ ಇಬ್ಬನಿ, ಚಳಿ, ಮಣ್ಣಿನ ಆಳದ ಹಸಿ. ಕುಸುಬಿಯ ತಾಯಿಬೇರು ಆಳಕ್ಕೆ, ಜೋಳದ ಬೇರು ಮುಟ್ಟದ ಕಡೆಗೆ ಇಳಿದು ಅಲ್ಲಿಂದ ನೀರು ಕುಡಿಯುತ್ತದೆ. ಮೇಲೆ ಮಣ್ಣು ಒಣಗಿ ಬಾಯಿ ಬಿಡುತ್ತಿರುವಾಗ ಹೂ ಬಿರಿಯುವ ಗುಟ್ಟು ಇದೇ.

ಈ ಸಲ ಎಲ್ಲ ತಡ. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಸೊಲ್ಲಾಪುರ ಜಿಲ್ಲೆಯ ಎಷ್ಟೋ ಊರುಗಳು ನೀರಿನಲ್ಲಿ ನಿಂತದ್ದನ್ನು ನೀವು ಟಿವಿಯಲ್ಲಿ ನೋಡಿರುತ್ತೀರಿ. ನದಿಯಿಂದ ದೂರವಿದ್ದ ನಮ್ಮ ಹೊಲಕ್ಕೂ ಹರಗಲು ಕಾಲಿಡಲಾಗದಷ್ಟು ಕೆಸರು. ಬಿತ್ತನೆ ಹಿಂದೆ ಬಿತ್ತು. ಆದ್ದರಿಂದ ಈ ವರ್ಷ ಜನವರಿ ಕೊನೆಯಿಂದ ಫೆಬ್ರವರಿ ನಡುವಿನ ತನಕ ಬಂದರೆ ಸರಿ.

ದಾರಿ ಹೇಳುತ್ತೇನೆ. ವಿಜಯಪುರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದರೆ ಧೂಳಖೇಡ ದಾಟಿ ಭೀಮಾ ನದಿ ಸಿಗುತ್ತದೆ. ಸೇತುವೆಯ ಆಚೆ ಟಾಕಳಿ, ಅಲ್ಲಿಂದ ಮಹಾರಾಷ್ಟ್ರ. ಬೋರ್ಡಿನ ಅಕ್ಷರ ಬದಲಾಗುತ್ತದೆ. ಚಹಾದ ಅಂಗಡಿಯಲ್ಲಿ ಮಾತು ಬದಲಾಗುವುದಿಲ್ಲ, ಧೈರ್ಯವಾಗಿ ಕನ್ನಡದಲ್ಲೇ ಕೇಳಿ. ಈ ಹೆದ್ದಾರಿಯಲ್ಲಿ ಹೂ ಕಾಣುವುದಿಲ್ಲ, ನೂರರ ವೇಗದಲ್ಲಿ ಕಂಡರೂ ಕಂಡ ಹಾಗಲ್ಲ. ಬಲಕ್ಕೆ ಒಳಗೆ ತಿರುಗಿ ಹತ್ತರಸಂಗ ಕೂಡಲದ ದಾರಿ ಕೇಳಿಕೊಂಡು ಹೋಗಿ. ಭೀಮಾ, ಸೀನಾ ಎರಡೂ ಕೂಡುವ ಜಾಗ. ಅಲ್ಲಿನ ಹಳೆಯ ಗುಡಿಯ ಶಾಸನ ಶಕ 940ರದು, ಅಂದರೆ 1018. ಅದರ ಕೊನೆಯ ಸಾಲು ಮರಾಠಿಯ ಅತ್ಯಂತ ಹಳೆಯ ಬರಹಗಳಲ್ಲೊಂದು. ಇದನ್ನು ಓದಿದವನು ಗೆಲ್ಲಲಿ ಎಂಬ ಅರ್ಥದ ಸಾಲು. ಒಂದು ಲಿಂಗದ ಮೈತುಂಬ ಸಣ್ಣಸಣ್ಣ ಮುಖಗಳನ್ನು ಕಡೆದಿದ್ದಾರೆ, 359 ಮುಖಗಳು. ಮರಾಠಿಯ ಹಳೆಯ ಸಾಲು ಕನ್ನಡ ಮಾತಾಡುವ ಸೀಮೆಯಲ್ಲಿದೆ. ಇನ್ನೊಂದು ಅಂಥದೇ ಹಳೆಯ ಸಾಲು ನಿಮ್ಮ ಶ್ರವಣಬೆಳಗೊಳದಲ್ಲಿದೆ. ಗಡಿಯ ಬಗ್ಗೆ ಕೂಗಾಡುವವರನ್ನು ಕಂಡಾಗೆಲ್ಲ ನನಗೆ ಇವೆರಡು ಕಲ್ಲು ನೆನಪಾಗುತ್ತವೆ. ಇರಲಿ, ಹೂವಿನ ಮಾತಿಗೆ ಬರೋಣ.

ಕೂಡಲದಿಂದ ಸುತ್ತು ಹಾಕಿ ಅಕ್ಕಲಕೋಟೆಗೆ ಬನ್ನಿ. ಅಲ್ಲಿಂದ ನಾಗಣಸೂರ, ಮೈಂದರಗಿ, ದುಧನಿ ಕಡೆಯ ಒಳದಾರಿಗಳು ನನಗೆ ಗೊತ್ತಿದ್ದ ಮಟ್ಟಿಗೆ ಕುಸುಬಿ ಇನ್ನೂ ಉಳಿದಿರುವ ದಾರಿಗಳು. ಕಲಬುರಗಿಯವರಾದರೆ ಆಳಂದದಿಂದ ವಾಗ್ದರಿ ಮೇಲೆ ಬಂದು, ಹೋಗುವಾಗ ದುಧನಿಯಿಂದ ಅಫಜಲಪುರಕ್ಕೆ ಇಳಿಯಬಹುದು. ಸಮಯವಿದ್ದವರು ಪಶ್ಚಿಮಕ್ಕೆ ಮಂಗಳವೇಢೆ ತನಕ ಹೋಗಿ. ಬಿಜ್ಜಳನ ಮಂಗಳವಾಡ ಅದೇ. ಅಲ್ಲಿನ ಮಾಲದಂಡಿ ಜೋಳಕ್ಕೆ 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳಗಿನ ಎಳೆಬಿಸಿಲಿಗೆ ಆ ಜೋಳದ ತೆನೆಗಳು ಮುತ್ತಿನ ಗೊಂಚಲಿನ ಹಾಗೆ ಹೊಳೆಯುತ್ತವೆ.

ಬರುವುದಾದರೆ ಬೆಳಿಗ್ಗೆ ಬನ್ನಿ. ಯಾಕೆಂದರೆ ಕುಸುಬಿಯೊಂದೇ ಅಲ್ಲ, ಅಗಸಿಯೂ ಇರುತ್ತದೆ. ಈಗ ಬಹಳ ಕಡಿಮೆ, ಮನೆಯ ಚಟ್ನಿಪುಡಿಗೆಂದು ಒಂದೆರಡು ಸಾಲು. ಅದರ ಹೂ ತಿಳಿ ನೀಲಿ. ಸೂರ್ಯ ಏರುವಾಗ ಬಿರಿಯುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿ ಗಿಡದ ಬುಡದಲ್ಲಿ ಬಿದ್ದಿರುತ್ತದೆ. ಊಟ ಮುಗಿಸಿ ಬಂದವರು ಇಲ್ಲೇನೂ ಇಲ್ಲವಲ್ಲ ಅಂದುಕೊಂಡು ಹೋಗುತ್ತಾರೆ. ಇನ್ನೂ ನಸುಕಿನಲ್ಲಿ ಬಂದರೆ ಕಡಲೆಯ ಹುಳಿ ಕಾಣಬಹುದು. ಕಡಲೆ ಗಿಡ ರಾತ್ರಿ ಹುಳಿ ಬೆವರುತ್ತದೆ, ಅದು ಇಬ್ಬನಿಯ ಜೊತೆ ಎಲೆಯ ಮೇಲೆ ನಿಂತಿರುತ್ತದೆ. ನಮ್ಮ ಅತ್ತೆ ತೆಳು ಪಂಚೆಯನ್ನು ಗಿಡಗಳ ಮೇಲೆ ಎಳೆದಾಡಿ, ಒದ್ದೆಯಾದದ್ದನ್ನು ಪಿಂಗಾಣಿ ಬಟ್ಟಲಿಗೆ ಹಿಂಡುತ್ತಿದ್ದರು. ಹೊಟ್ಟೆನೋವಿಗೆ ಅದು ಮನೆಮದ್ದು. ಬರಿಗಾಲಲ್ಲಿ ಕಡಲೆ ಹೊಲ ಹಾದರೆ ಕಾಲು ಚುರುಚುರು ಅನ್ನುವುದೂ ಅದರಿಂದಲೇ.

ಇನ್ನು ಕುಸುಬಿ ಯಾಕೆ ದಡಿಗೆ ಬಂದು ನಿಂತಿತು ಅನ್ನುವ ಮಾತು. ನಾನು 1984ರಲ್ಲಿ ಮದುವೆಯಾಗಿ ಈ ಊರಿಗೆ ಬಂದಾಗ ಇಲ್ಲಿ ಎರಡು ಎತ್ತಿನ ಗಾಣ ಇದ್ದವು. ಯಾರ ಮನೆಗೂ ಪೇಟೆಯಿಂದ ಎಣ್ಣೆ ಬರುತ್ತಿರಲಿಲ್ಲ. ಬಿಸಿ ರೊಟ್ಟಿ, ಅದರ ಮೇಲೆ ಕೆಂಪು ಖಾರ, ಖಾರದ ನಡುವೆ ಬೆರಳಿನಿಂದ ಕುಳಿ ಮಾಡಿ ಹಸಿ ಕುಸುಬಿ ಎಣ್ಣೆ. ಹಬ್ಬಕ್ಕೆ ಕುಸುಬಿ ಹಾಲು. ಬೀಜ ರಾತ್ರಿ ನೆನೆಹಾಕಿ, ರುಬ್ಬಿ, ಬಟ್ಟೆಯಲ್ಲಿ ಸೋಸಿ ತೆಗೆದ ಹಾಲನ್ನು ಬೆಲ್ಲದ ಗೋದಿ ಹುಗ್ಗಿಗೆ ಹಾಕಿ ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಎಳೆ ಗಿಡದ ಸೊಪ್ಪು ಪಲ್ಯಕ್ಕೆ, ಹಿಂಡಿ ಎಮ್ಮೆಗೆ. ಒಣಗಿದ ಕಟ್ಟಿಗೆ ಒಲೆಗೆ. ಮುಳ್ಳಿನ ಹೊರತು ಇದರಲ್ಲಿ ಬಿಸಾಡುವುದು ಏನೂ ಇರಲಿಲ್ಲ.

ಭೀಮೆಗೆ ಉಜನಿ ಅಣೆಕಟ್ಟು ಆದದ್ದು 1980ರಲ್ಲಿ. ನೀರು ಬಂದ ಕಡೆ ಕಬ್ಬು ಬಂತು. ಯಾರನ್ನೂ ಬೈಯಲಾರೆ, ನಮ್ಮ ಮೈದುನನೂ ಬೋರ್ ಕೊರೆಸಿ ಒಂದು ಎಕರೆ ಕಬ್ಬು ಹಚ್ಚಿದವನೇ. ನೀರಿಲ್ಲದ ಕಡೆಯೂ ಕುಸುಬಿ ಉಳಿಯಲಿಲ್ಲ. ಅದಕ್ಕೆ ಕಾರಣ ಅಂಗಡಿಯಲ್ಲಿ ಸಿಗುವ ಪಾಮ್ ಎಣ್ಣೆಯ ಪಾಕೀಟು. ಈ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು. ಇಂಡೊನೇಷ್ಯಾ, ಮಲೇಷ್ಯಾದಿಂದ ಹಡಗಿನಲ್ಲಿ ಬಂದು ಇಳಿಯುವ ಎಣ್ಣೆಯ ಎದುರು ನಮ್ಮ ಗಾಣದ ಲೆಕ್ಕ ನೋಡಿ. ಸುಮಾರು ಮೂರೂವರೆ ಕಿಲೊ ಬೀಜ ಹಿಂಡಿದರೆ ಒಂದು ಕಿಲೊ ಎಣ್ಣೆ. 2026-27ರ ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಕುಸುಬಿಗೆ ಹೇಳಿದ ಬೆಂಬಲ ಬೆಲೆ ಕ್ವಿಂಟಲಿಗೆ 6,540 ರೂಪಾಯಿ. ಅದರ ಹಿಂದಿನ ವರ್ಷ 5,940 ಇತ್ತು. ಆ ಸಲ ಹಿಂಗಾರಿ ಬೆಳೆಗಳಲ್ಲೆಲ್ಲ ಹೆಚ್ಚಿನ ಏರಿಕೆ ಇದಕ್ಕೇ. ಆ ಬೆಲೆಗೆ ಹಿಡಿದರೆ ಒಂದು ಕಿಲೊ ಎಣ್ಣೆಗೆ ಬೀಜದ್ದೇ 229 ರೂಪಾಯಿ ಆಯಿತು, ಗಾಣದ ಕೂಲಿ ಬೇರೆ. ಪಾಕೀಟಿನ ಎಣ್ಣೆ ಕೊಳ್ಳುವವರು ಇದನ್ನು ಯಾಕೆ ಕೊಂಡಾರು? ಬೆಂಬಲ ಬೆಲೆ ಕಾಗದದಲ್ಲಿ ಚೆಂದ. ಅಡತಿ ಅಂಗಡಿಯಲ್ಲಿ ಎರಡು ಚೀಲ ಇಳಿಸಿದವರಿಗೆ ಅಷ್ಟು ಸಿಕ್ಕದ್ದನ್ನು ನಾನು ನೋಡಿಲ್ಲ. ಖರೀದಿ ಕೇಂದ್ರಕ್ಕೆ ಹೋಗೋಣವೆಂದರೆ ಉತಾರೆಯಲ್ಲಿ ಬೆಳೆ ನಮೂದಾಗಿರಬೇಕು. ನಮ್ಮ ಉತಾರೆಯಲ್ಲಿ ಜೋಳ ಅಂತ ಇದೆ. ದಡಿಯ ನಾಲ್ಕು ಸಾಲಿಗೆ ಕಾಗದದಲ್ಲಿ ಜಾಗವಿಲ್ಲ.

ಮತ್ತೆ ಕೊಯ್ಲು. ಕೂಲಿಯವರು ಕುಸುಬಿ ಅಂದರೆ ಮುಖ ತಿರುಗಿಸುತ್ತಾರೆ, ತಪ್ಪೇನು? ಎಲ್ಲ ಒಣಗಿ ನಿಂತಾಗ ಅದರ ಮುಳ್ಳು ಸೂಜಿ. ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗಲೇ ಕೊಯ್ಯಬೇಕು. ಕೈಗೆ, ಕಾಲಿಗೆ ಹಳೇ ಗೋಣಿ ಸುತ್ತಿಕೊಂಡು, ಎಡಗೈಯಲ್ಲಿ ಕವೆಗೋಲು ಹಿಡಿದು ಗಿಡವನ್ನು ಅದುಮಿ, ಬಲಗೈಯಲ್ಲಿ ಕುಡುಗೋಲು ಹಾಕಬೇಕು. ಬಿಸಿಲು ಏರಿದ ಕೂಡಲೇ ಬಿಟ್ಟು ಏಳಬೇಕು. ಆಮೇಲೆ ಕಣದಲ್ಲಿ ಹಾಕಿ ಬಡಿಗೆಯಿಂದ ಬಡಿದು, ತೂರಿ, ರಾಶಿ ಮಾಡಿದರೆ ಬಿಳೀ ಬೀಜ. ಫಲಟಣದ ನಿಂಬಕರ ಸಂಶೋಧನಾ ಸಂಸ್ಥೆಯವರು ನಾರಿ-6 ಅನ್ನುವ ಮುಳ್ಳಿಲ್ಲದ ಕುಸುಬಿ ಮಾಡಿದ್ದಾರೆ, ಒಳ್ಳೆಯದು. ಆದರೆ ಮುಳ್ಳಿಲ್ಲದ್ದನ್ನು ದಡಿಗೆ ಹಾಕಿದರೆ ಮೊದಲು ಬಾಯಿ ಹಾಕುವುದು ನಮ್ಮ ಎತ್ತೇ. ಸೊಲ್ಲಾಪುರದ ಸಂಶೋಧನಾ ಕೇಂದ್ರದಿಂದ ಬಂದ ಭೀಮಾ ತಳಿಯನ್ನೇ ನಾವು ಇಷ್ಟು ವರ್ಷ ಹಾಕುತ್ತ ಬಂದದ್ದು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನೀವು ಗಾಡಿ ನಿಲ್ಲಿಸಿ ನೋಡುವ ಆ ಹೂವನ್ನು ನಿಮಗೆ ತೋರಿಸಲೆಂದು ಯಾರೂ ಬಿತ್ತಿಲ್ಲ. ಎಣ್ಣೆಗೆ ಬಿತ್ತಿದ್ದಾರೆ. ಎಣ್ಣೆ ಕೊಳ್ಳುವವರು ಹೋದರೆ ಹೂವೂ ಹೋಗುತ್ತದೆ, ಅದಕ್ಕೆ ಬೇರೆ ಲೆಕ್ಕವಿಲ್ಲ.

ಮೈದುನನ ಮಗ ಬೇರೆ ಮಾತು ಹೇಳುತ್ತಾನೆ. ಪದವಿ ಓದಿದವನು, ಸೊಲ್ಲಾಪುರದಲ್ಲಿ ಕೆಲಸ ಮಾಡಿ ಬಿಟ್ಟು ಬಂದವನು. "ದೊಡ್ಡವ್ವ, ಗುಂಡ್ಲುಪೇಟೆ ಕಡಿ ಸೂರ್ಯಕಾಂತಿ ಹೊಲದಾಗ ಫೋಟೊ ತಗಸ್ಕೊಳ್ಳಾಕ ರೊಕ್ಕ ಕೊಡ್ತಾರಂತ. ನಾವೂ ಒಂದು ಬೋರ್ಡ್ ಹಾಕೂಣು. ತಲಿಗೆ ಐವತ್ತು." ಮಹಾರಾಷ್ಟ್ರ ಸರ್ಕಾರ 2020ರಲ್ಲಿ ಕೃಷಿ ಪ್ರವಾಸಕ್ಕೆ ಅಂತಲೇ ಒಂದು ನೀತಿ ಮಾಡಿದೆ, ನೋಂದಣಿ ಮಾಡಿಸಿದರೆ ಸಾಲ ಸಿಗುತ್ತದೆ ಅಂತ ಕಾಗದ ತಂದು ತೋರಿಸಿದ. ಹುರ್ಡಾ ಪಾರ್ಟಿ ಹೇಗೆ ನಡೆಯುತ್ತದೆ ನೋಡು ಅಂದ. ನಿಜ, ನಮ್ಮ ಜೋಳದ ಸೀತನಿಯನ್ನೇ ಪುಣೆಯವರು ಹುರ್ಡಾ ಅಂತ ತಲೆಗೆ ಇಷ್ಟೆಂದು ಕೊಟ್ಟು ತಿಂದು ಹೋಗುತ್ತಾರೆ. ಕುಳ್ಳಿನ ಕೆಂಡದಲ್ಲಿ ಹಾಲುತೆನೆ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಊದಿ, ಬೆಲ್ಲದ ಜೊತೆ ತಿನ್ನುವ ಆ ಸುಖಕ್ಕೆ ಬೆಲೆ ಕಟ್ಟಬಹುದು ಅಂತ ನಮಗೆ ಹೊಳೆದೇ ಇರಲಿಲ್ಲ.

ಬೋರ್ಡಿಗೆ ನಾನು ಇನ್ನೂ ಒಪ್ಪಿಲ್ಲ. ನಾಚಿಕೆಯಿಂದಲ್ಲ. ಐವತ್ತು ಕೊಟ್ಟವನು ಹೊಲ ತನ್ನದೆಂದು ತಿಳಿದು ಒಳಗೆ ಇಳಿಯುತ್ತಾನೆ, ಹಳದಿ ಉಡುಪಿನವರಿಗೆ ಮುಳ್ಳು ಚುಚ್ಚಿದರೆ ರೊಕ್ಕ ವಾಪಸ್ ಕೇಳುತ್ತಾನೆ. ಫೋಟೊಕ್ಕೆಂದೇ ಬಿತ್ತುವುದಾದರೆ ಕುಸುಬಿಯೇ ಯಾಕೆ, ಮುಳ್ಳಿಲ್ಲದ ಚೆಂಡುಹೂ ಹಾಕಿದರಾಯಿತು. ಅವನಿಗೆ ಸಿಟ್ಟು ಬಂದಿದೆ. ನಿಮ್ಮಲ್ಲಿ ಯಾರಾದರೂ ಬಂದು ಅವನ ಮಾತು ಸರಿ ಅಂದರೆ ನಾನು ಕೇಳಲು ತಯಾರಿದ್ದೇನೆ. ಸದ್ಯಕ್ಕೆ ನಾವಿಬ್ಬರೂ ಒಪ್ಪಿದ್ದು ಒಂದಕ್ಕೆ. ಈ ಸಲ ನಮ್ಮ ಮನೆಯ ಕುಸುಬಿಯನ್ನು ಅಡತಿಗೆ ಹಾಕುವುದಿಲ್ಲ. ಗಾಣಕ್ಕೆ ಹಾಕಿಸಿ ಅರ್ಧ ಕಿಲೊದ ಬಾಟಲಿ ಮಾಡಿ ರಸ್ತೆಗೆ ಹತ್ತಿರದ ಬೇವಿನ ಮರದ ಕೆಳಗೆ ಇಡುತ್ತಾನಂತೆ. ಒಣಗಿದ ಎಸಳನ್ನೂ ಆರಿಸುತ್ತಾನಂತೆ, ಚಹಾಕ್ಕೆ ಹಾಕಿ ಕುಡಿಯುವವರಿದ್ದಾರೆ. ಕಾಳು ಕಟ್ಟಿದ ಮೇಲೆ ಎಸಳು ಕಿತ್ತರೆ ಬೆಳೆಗೇನೂ ನಷ್ಟವಿಲ್ಲ. ಆದರೆ ಒಂದು ಹಿಡಿ ಎಸಳಿಗೆ ಎಷ್ಟು ಮುಳ್ಳು ಅನ್ನುವುದನ್ನು ಅವನು ಇನ್ನೂ ಲೆಕ್ಕ ಹಾಕಿಲ್ಲ.

ಬರುವವರಿಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಗಾಡಿಯನ್ನು ಡಾಂಬರಿನಿಂದ ಪೂರ್ತಿ ಕೆಳಗೆ ಇಳಿಸಿ ನಿಲ್ಲಿಸಿ. ಇದು ಕಬ್ಬಿನ ಹಂಗಾಮು, ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿಗೆ ಥಟ್ಟನೆ ನಿಲ್ಲಲು ಆಗುವುದಿಲ್ಲ. ಕತ್ತಲಾದ ಮೇಲೆ ಈ ದಾರಿಯಲ್ಲಿ ಓಡಿಸಲೇ ಬೇಡಿ, ಎಷ್ಟೋ ಟ್ರೇಲರಿಗೆ ಹಿಂದೆ ದೀಪವಿರುವುದಿಲ್ಲ. ಹೊಲದೊಳಗೆ ಇಳಿಯದೆ ಬದುವಿನ ಮೇಲೆ ನಡೆಯಿರಿ, ಅಲ್ಲಿಂದಲೂ ಹೂ ಕಾಣುತ್ತದೆ, ಫೋಟೊ ಬರುತ್ತದೆ. ಎರಿ ಮಣ್ಣಿನ ಬಿರುಕಿಗೆ ಕಾಲು ಸಿಕ್ಕು ಉಳುಕಿಸಿಕೊಂಡವರನ್ನು ನಾನು ಕಂಡಿದ್ದೇನೆ. ಗಿಡಕ್ಕೆ ಹೇನು ಬಿದ್ದು ಔಷಧ ಹೊಡೆದ ಹೊಲವಿರುತ್ತದೆ, ಮಕ್ಕಳು ಹೂ ಕಿತ್ತು ಬಾಯಿಗೆ ಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಹತ್ತಿರ ಯಾರಾದರೂ ಕೆಲಸ ಮಾಡುತ್ತಿದ್ದರೆ ಒಂದು ಮಾತು ಕೇಳಿ. "ಕಾಕಾ, ನೋಡಬಹುದಾ?" ಅಂದರೆ ಬೇಡ ಅನ್ನುವವರು ಈ ಸೀಮೆಯಲ್ಲಿಲ್ಲ, ರೊಟ್ಟಿ ತಿಂದು ಹೋಗ್ರಿ ಅನ್ನುವವರೇ ಹೆಚ್ಚು. ಫೋಟೊ ಹಾಕುವಾಗ ಊರಿನ ಹೆಸರು ಹಾಕಿ, ಹೂವಿನ ಹೆಸರೂ ಹಾಕಿ.

ಮುಂದಿನ ವರ್ಷಕ್ಕೆ ಯೋಚಿಸುವವರು ಎಳ್ಳಮಾಸಿಗೆ, ಅಂದರೆ ಎಳ್ಳ ಅಮಾವಾಸ್ಯೆಗೆ ಬರಬಹುದು. ಹೂ ಆಗ ಇನ್ನೂ ಮೊಗ್ಗು, ಆದರೆ ಅವತ್ತು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ನೈವೇದ್ಯ ಕಲಸಿ, "ಹುಲ್ಲುಲ್ಲಿಗೋ" ಅಂತ ಕೂಗುತ್ತ ಹೊಲದ ಸುತ್ತ ಚರಗ ಚೆಲ್ಲುತ್ತೇವೆ. ನಮ್ಮಿಂದ ಉತ್ತರಕ್ಕೆ ಲಾತೂರ, ಧಾರಾಶಿವದ ಮರಾಠಿ ರೈತರೂ ಇದೇ ಹಬ್ಬ ಮಾಡುತ್ತಾರೆ. ಅವರ ಬಾಯಲ್ಲಿ ಅದು ವೇಳ ಅಮಾವಾಸ್ಯೆ. ಅವರು ಕೂಗುವುದು "ಓಲಗೆ ಓಲಗೆ ಸಾಲಂ ಪೋಲಗೆ" ಅಂತ. ಏನರ್ಥ ಅಂದರೆ ಅವರಿಗೆ ಗೊತ್ತಿಲ್ಲ, ಹಿರಿಯರು ಹೇಳುತ್ತಿದ್ದರು ಅನ್ನುತ್ತಾರೆ. ಅದು ಕನ್ನಡದ ಹೊಲ ಅಂತ ನಮ್ಮ ಶಾಲೆಯ ಮಕ್ಕಳು ಕೂಡಲೇ ಹೇಳುತ್ತಿದ್ದರು. ಆ ಪದ ಅಲ್ಲಿ ಉಳಿದದ್ದು ಹೊಲದ ಹಬ್ಬ ಉಳಿದದ್ದಕ್ಕೆ.

ಈ ಪತ್ರ ಬರೆದು ಮುಗಿಸುವಾಗ ದಡಿಯಲ್ಲಿ ಮೊದಲ ಹಳದಿ ಕಾಣಿಸಿದೆ. ಶಿವರಾತ್ರಿ ದಾಟಿದರೆ ಹೂ ಸಿಗುವುದಿಲ್ಲ. ಹೋಳಿಯ ಹೊತ್ತಿಗೆ ನಾವು ಕೊಯ್ಲಿಗೆ ಇಳಿದಿರುತ್ತೇವೆ. ತಡವಾಗಿ ಬಂದವರು ಬೇಜಾರು ಮಾಡಿಕೊಳ್ಳಬೇಡಿ, ನಸುಕಿನಲ್ಲಿ ಹೊಲಕ್ಕೆ ಬನ್ನಿ. ಹಳೇ ಗೋಣಿ ಬೇಕಾದಷ್ಟಿವೆ. ನಮ್ಮ ಮನೆಯವರು ತೀರಿಕೊಂಡ ಮೇಲೆ ಅವರ ಕವೆಗೋಲೂ ಅಟ್ಟದ ಮೇಲೆ ಹಾಗೇ ಇದೆ.

ನಿಮ್ಮ,
ಅಕ್ಕಲಕೋಟೆ ತಾಲ್ಲೂಕಿನ ಒಬ್ಬ ನಿವೃತ್ತ ಕನ್ನಡ ಶಾಲೆ ಅಕ್ಕೋರು